ಬೇಕಲಕ್ಕೆ ಅರ್ಧ ದಿನ ಸಾಕಾಗುದಿಲ್ಲ ತಂಗೀ

ತಂಗೀ, ಸ್ವಲ್ಪ ಉದ್ದ ಆಗ್ತದೆ, ಆದ್ರೂ ಗ್ರೂಪಲ್ಲೇ ಹಾಕ್ತೇನೆ, ಮೈಸೂರಿನ ಚಿಕ್ಕಮ್ಮನವ್ರೂ ಬರ್ತಾರಂತಲ್ಲ, ಎಲ್ರಿಗೂ ಗೊತ್ತಾಗ್ಲಿ. ನೀನು ಕೇಳಿದ್ದು ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ ಅರ್ಧ ದಿನದಲ್ಲಿ ಮುಗಿಸಿ ಸೀದಾ ಕಣ್ಣೂರಿಗೆ ಹೋಗ್ಬಹುದಾ ಅಂತ ಅಲ್ವಾ. ಹೋಗ್ಬಹುದು, ಆದ್ರೆ ಹಾಗೆ ಮಾಡ್ಬೇಡ. ಮಕ್ಕಳನ್ನು ಕಟ್ಕೊಂಡು ಬೆಂಗಳೂರಿಂದ ಇಲ್ಲಿ ತನಕ ಬರುವಾಗ ಎರಡು ದಿನ ಇಟ್ಕೊ, ರಾತ್ರಿ ಕುಂಬಳೆಯಲ್ಲಿ ನಮ್ಮನೆಯಲ್ಲೇ ನಿಲ್ಲಿ.

ಕೋಟೆಗೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಹತ್ತು ಕಳೆದ್ರೆ ಬಿಸಿಲು ತಡೀಲಿಕ್ಕಾಗುದಿಲ್ಲ, ಒಳಗೆ 40 ಎಕ್ರೆ ಜಾಗ, ನೆರಳು ಕಡಿಮೆ. ಕೇರಳದಲ್ಲೇ ಅತಿ ದೊಡ್ಡ ಕೋಟೆ ಅದು, ಕಟ್ಟಿಸಿದ್ದು ನಮ್ಮ ಇಕ್ಕೇರಿಯ ಶಿವಪ್ಪ ನಾಯಕ, 1650ರ ಸುಮಾರಿಗೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ ಕರ್ಕೊಂಡು ಬಾ. ಎಲ್ರೂ ಬರ್ತಾರೆ, ಸಮುದ್ರದ ಬದಿಯ ಬುರುಜಲ್ಲಿ ಸೆಲ್ಫಿ ತೆಗೀತಾರೆ, ಹೋಗ್ತಾರೆ. ನೀವು ಗೋಡೆಯ ತೂತಿಗೆ ಕಣ್ಣಿಟ್ಟು ನೋಡಿ, ಮೇಲಿನದ್ರಲ್ಲಿ ದೂರದ ಶತ್ರುವಿಗೆ ಗುರಿ ಇಡ್ಲಿಕ್ಕೆ, ಕೆಳಗಿನದ್ರಲ್ಲಿ ಗೋಡೆ ಬುಡಕ್ಕೆ ಬಂದವನಿಗೆ, ಹಾಗೆ ಲೆಕ್ಕ ಹಾಕಿ ಮಾಡಿದ್ದು. ಮತ್ತೆ ಕೋಟೆ ಗೋಡೆಯ ಆ ಮುರಕಲ್ಲನ್ನು, ಅಂದ್ರೆ ಜಂಬಿಟ್ಟಿಗೆಯನ್ನು, ಕೈಯಲ್ಲಿ ಸವರಿ ನೋಡ್ಲಿಕ್ಕೆ ಹೇಳು ಮಕ್ಕಳಿಗೆ. ಜೇನುಗೂಡಿನ ಹಾಗೆ ತೂತು ತೂತು, ಒಳಗೆ ಹಳದಿ ಮಣ್ಣು, ಮಳೆಗಾಲದಲ್ಲಿ ಅದ್ರಲ್ಲೇ ಪಾಚಿ, ಸಣ್ಣ ಸಣ್ಣ ಜರಿಗಿಡ. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡೀಲಿಕ್ಕಾಗುವಷ್ಟು ಮೆದು, ಹೊರಗೆ ತೆಗೆದು ಗಾಳಿಗೆ ಬಿಟ್ರೆ ಗಟ್ಟಿ ಆಗ್ತದೆ. ನಮ್ಮ ಅಜ್ಜನ ಮನೆ ಗೋಡೆಯೂ ಅದೇ ಕಲ್ಲು, ನೆನಪುಂಟಲ್ಲ ನಿಂಗೆ, ಬಾವಿಯೂ ಅದ್ರಲ್ಲೇ ಕಡ್ದದ್ದು.

ಅಲ್ಲಿ ನಿಂತಾಗ ತಲೆ ಮೇಲೂ ನೋಡಿ. ಹೊಟ್ಟೆ ಬೆಳ್ಳಗೆ, ರೆಕ್ಕೆ ಬೂದಿ ಬಣ್ಣ, ಗರುಡನಿಗಿಂತ ದೊಡ್ಡದು, ಅದು ಕಡಲ ಹದ್ದು. ಕಡಲಿನ ಹಾವನ್ನೂ ಹಿಡಿದು ತಿಂತದೆ, ಹೆಚ್ಚಾಗಿ ದೊಡ್ಡ ಮರದಲ್ಲೇ ಗೂಡು ಕಟ್ಟುದು, ಮರ ಕಡಿದ್ರೆ ಅದಕ್ಕೆ ಕಷ್ಟ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಹಕ್ಕಿ, ಮರ, ಹೂವು, ಪ್ರಾಣಿ ಅಂತ ಘೋಷಣೆ ಮಾಡಿತಲ್ಲ, ಹಕ್ಕಿ ಅಂದ್ರೆ ಇದೇ. ಮರ ಕಾಸರಕ, ಕಾಸರಗೋಡು ಅನ್ನುವ ಹೆಸರೇ ಅದ್ರಿಂದ ಬಂದದ್ದು ಅಂತ ಹೇಳ್ತಾರೆ.

ಪ್ರಾಣಿ ಯಾವುದು ಗೊತ್ತಾ, ಆಮೆ! ಮೆದು ಚಿಪ್ಪಿನ ದೊಡ್ಡ ಆಮೆ, ಮಲಯಾಳದಲ್ಲಿ ಪಾಲಪ್ಪೂವನ್ ಅಂತಾರೆ, ಚಂದ್ರಗಿರಿ ಹೊಳೆಯಲ್ಲಿ ಉಂಟು. ಹೆಚ್ಚು ಹೊತ್ತು ಹೊಯ್ಗೆಯೊಳಗೆ, ಅಂದ್ರೆ ಮರಳಲ್ಲಿ, ಹುಗಿದು ಮೂಗು ಕಣ್ಣು ಮಾತ್ರ ಹೊರಗಿಟ್ಟು ಕೂತಿರ್ತದೆ, ಹಾಗಾಗಿ ಕಾಣ್ಲಿಕ್ಕೆ ಸಿಗುದು ಅಪರೂಪ, ಕಾಣ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸ್ಬೇಡ. ಆದ್ರೆ ಹೊಳೆ ದಂಡೆಯ ಹೊಯ್ಗೆಯಲ್ಲಿ ಅದು ಮೊಟ್ಟೆ ಇಡ್ತದೆ, ಹೊಳೆಗೆ ಕಟ್ಟಿದ ಒಡ್ಡಿನ ನೀರು ನಿಂತ್ರೆ ಮೊಟ್ಟೆ ಮುಳುಗಿ ಹಾಳಾಗ್ತದೆ, ಹೊಯ್ಗೆ ತೆಗೆದ್ರೂ ಹಾಳೇ. ನಂಗೆ ಆ ಹೊಳೆ ದಾಟುವಾಗೆಲ್ಲ ಇದೇ ತಲೆಯಲ್ಲಿ. ದಕ್ಷಿಣ ದಂಡೆಯಲ್ಲಿ ಚಂದ್ರಗಿರಿ ಕೋಟೆಯೂ ಉಂಟು, ಸಣ್ಣದು, ಸಂಜೆ ಹೋಗಿ, ಹೊಳೆ ಸಮುದ್ರಕ್ಕೆ ಸೇರುದು ಮೇಲಿಂದ ಚಂದ ಕಾಣ್ತದೆ.

ಎರಡನೇ ದಿನ ಅನಂತಪುರ, ಕುಂಬಳೆಯಿಂದ ಐದಾರು ಕಿಲೋಮೀಟರ್. ಸುತ್ತ ಒಣ ಬಂಡೆಯ ಪಾರೆ, ಹುಲ್ಲು ಬಿಟ್ರೆ ಎಂತದೂ ಇಲ್ಲ, ನಡುವಲ್ಲಿ ಮುರಕಲ್ಲಲ್ಲಿ ಕೆರೆ, ಕೆರೆ ನಡುವೆ ಗರ್ಭಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022 ಅಕ್ಟೋಬರ್ 9ಕ್ಕೆ ರಾತ್ರಿ ತೀರಿಹೋಯ್ತಲ್ಲ, ಮರುದಿನ ನಾನೂ ಅತ್ತೆಯೂ ಹೋಗಿದ್ದೆವು, ಹೂವು ಹಾಕಿ ಮಲಗಿಸಿದ್ರು, ನೈವೇದ್ಯದ ಅನ್ನ ತಿಂತಿದ್ದದ್ದು ಅದು, ಅತ್ತೆ ಮನೆಯವ್ರೇ ಹೋದ ಹಾಗೆ ಅತ್ತಿದ್ರು. ಮತ್ತೆ 2023ರ ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು, ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಮಕ್ಕಳು ಕಲ್ಲು ಬಿಸಾಡದ ಹಾಗೆ, ಬೊಬ್ಬೆ ಹೊಡೆಯದ ಹಾಗೆ ನೋಡ್ಕೊ, ಅದು ಬಂದ್ರೆ ಬರ್ಲಿ.

ಅಲ್ಲಿಂದ ಮಧೂರು ಗಣಪತಿ ದೇವಸ್ಥಾನ. ಗಜಪೃಷ್ಠದ ಮಾಡು, ಹಿಂದಿನಿಂದ ನೋಡಿದ್ರೆ ಆನೆ ಕೂತ ಹಾಗೆಯೇ ಕಾಣ್ತದೆ, ಅಲ್ಲಿನ ಅಪ್ಪದ ಪ್ರಸಾದ ಮರೀಬೇಡಿ.

ಕಣ್ಣೂರು ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡುದಾದ್ರೆ ಕಾಸರಗೋಡಲ್ಲೇ ಇಳೀರಿ, ಇವರು ಕಾರು ತರ್ತಾರೆ. ಎಷ್ಟು ಜನ ಅಂತ ಇವತ್ತು ರಾತ್ರಿಯೊಳಗೆ ಹೇಳು, ನೀರುದೋಸೆಗೆ ಅಕ್ಕಿ ನೆನೆ ಹಾಕ್ಲಿಕ್ಕಲ್ಲ, ಮೇಲಿನ ಕೋಣೆ ಗುಡಿಸಿ ಚಾಪೆ ಒಣಗಿಸ್ಲಿಕ್ಕುಂಟು.