ಅಪ್‌ಡೇಟ್: ನ್ಯೂಸ್‌ಲೆಟರ್ ಸ್ಪ್ಯಾಮ್‌ಗೆ ಬೀಳೋದು ನಿಂತಿತು

ನಮ್ಮ ಅಂಗಡಿಯ ನ್ಯೂಸ್‌ಲೆಟರ್ ಜಿಮೇಲ್‌ನಲ್ಲಿ ಸೀದಾ ಸ್ಪ್ಯಾಮ್‌ಗೆ ಹೋಗ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಇನ್‌ಬಾಕ್ಸ್‌ಗೇ ಬರ್ತಿದೆ.

ಜಿಮೇಲ್‌ನಲ್ಲಿ ಮೇಲ್‌ನ ತಾಂತ್ರಿಕ ವಿವರ ತೋರಿಸುವ ‘ಶೋ ಒರಿಜಿನಲ್’ ತೆಗೆದು ನೋಡಿ ಅಂದವರ ಮಾತೇ ಕೈಹಿಡಿದದ್ದು. ಅಲ್ಲಿ ಎಸ್‌ಪಿಎಫ್ (ನಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಎದುರು ‘ಪರ್ಮ್‌ಎರರ್’, ಅಂದ್ರೆ ರೆಕಾರ್ಡೇ ತಪ್ಪು, ಅಂತಿತ್ತು. ಡೊಮೇನ್‌ನಲ್ಲಿ ಎಸ್‌ಪಿಎಫ್ ರೆಕಾರ್ಡ್ ಎರಡಿದ್ದವು: ಆಫೀಸ್ ಮೇಲ್‌ಗೊಂದು, ನ್ಯೂಸ್‌ಲೆಟರ್ ಸೇವೆಗೊಂದು. ಇರಬೇಕಾದ್ದು ಒಂದೇ, ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡರ ‘ಇನ್‌ಕ್ಲೂಡ್’ಗಳನ್ನೂ (ಅನುಮತಿ ಇರುವ ಸೇವೆಗಳ ಹೆಸರು) ಒಂದೇ ಸಾಲಿಗೆ ಸೇರಿಸಿ, ಇನ್ನೊಂದನ್ನು ಅಳಿಸಿದೆ. ಆ ಸಾಲನ್ನು ಪರಿಶೀಲಿಸೋಕೆ ಬೇಕಾಗುವ ಡಿಎನ್‌ಎಸ್ ಲುಕಪ್ (ಡೊಮೇನ್ ದಾಖಲೆಗಳ ಹುಡುಕಾಟ) 10 ದಾಟಿದರೂ ಇದೇ ಎರರ್ ಬರುತ್ತೆ, ನೆನಪಿರಲಿ.

ಆಶ್ಚರ್ಯ ಆಗಿದ್ದು ಡಿಕಿಮ್ (ಮೇಲ್‌ಗೆ ಬೀಳುವ ಡಿಜಿಟಲ್ ಸಹಿ) ವಿಷಯದಲ್ಲಿ. ‘ಪಾಸ್’ ಅಂತಲೇ ತೋರಿಸ್ತಿತ್ತು, ಆದರೆ ಸಹಿ ಆ ಸೇವೆಯ ಡೊಮೇನಿನದು, ನಮ್ಮದಲ್ಲ. ಎಸ್‌ಪಿಎಫ್ ಕೂಡ ಕೆಟ್ಟಿದ್ದರಿಂದ, ಕಳಿಸಿದವರ ಡೊಮೇನ್ ಇವೆರಡರಲ್ಲೊಂದಕ್ಕಾದರೂ ಹೊಂದುತ್ತಾ ಅಂತ ನೋಡುವ ಡಿಮಾರ್ಕ್ ಫೇಲ್. ಆ ಸೇವೆಯವರು ಕೊಟ್ಟ ಎರಡು ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ ಡೊಮೇನ್ ದಾಖಲೆ) ಹಾಕಿದ ಮೇಲೆ ನಮ್ಮ ಹೆಸರಲ್ಲೇ ಸಹಿ ಬೀಳ್ತಿದೆ.

ಸಬ್ಜೆಕ್ಟ್‌ನಿಂದ ‘ಫ್ರೀ’, ‘ಆಫರ್’ ತೆಗೆದದ್ದರಿಂದ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ವರ್ಷದಿಂದ ಮೇಲ್ ತೆರೆಯದವರನ್ನು ಪಟ್ಟಿಯಿಂದ ಕೈಬಿಟ್ಟದ್ದು ಮಾತ್ರ ಒಳ್ಳೇದಾಯ್ತು, ಮೊದಲು ಹೊಟ್ಟೆ ಉರಿದರೂ. ಸ್ಪ್ಯಾಮ್ ದೂರು 0.3% ಮುಟ್ಟಬಾರದು, 0.1%ರ ಕೆಳಗಿದ್ದರೆ ಕ್ಷೇಮ ಅನ್ನುತ್ತೆ ಗೂಗಲ್. ದಿನಕ್ಕೆ ಜಿಮೇಲ್‌ಗೆ 5,000 ಮೇಲ್ ದಾಟಿಸುವವರಿಗೆ 2024ರಿಂದ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೂಡ ಕಡ್ಡಾಯ. ನಮ್ಮದು ಅಷ್ಟಿಲ್ಲ, ಆದರೂ ಹಾಕಿದ್ದೀನಿ.