ಹಾಡು, ಗಿಟಾರ್ ಒಟ್ಟಿಗೆ ರೆಕಾರ್ಡ್ ಮಾಡೋಕೆ ಯಾವ ಆಡಿಯೋ ಇಂಟರ್ಫೇಸ್ ತಗೊಳ್ಳಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾನು ಹಾಡ್ತಾ ಅಕೂಸ್ಟಿಕ್ ಗಿಟಾರ್ ನುಡಿಸ್ತೀನಿ, ಎರಡನ್ನೂ ಒಂದೇ ಟೇಕಲ್ಲಿ ರೆಕಾರ್ಡ್ ಮಾಡ್ಬೇಕು. ಈಗ ಇರೋದು ಒಂದೇ ಒಂದು ಯುಎಸ್‌ಬಿ ಮೈಕ್, ಗಿಟಾರ್ ಚೆನ್ನಾಗಿ ಬಂದ್ರೆ ದನಿ ಮುಳುಗುತ್ತೆ, ದನಿ ಸರಿ ಮಾಡಿದ್ರೆ ಗಿಟಾರ್ ಎಲ್ಲೋ ದೂರದಲ್ಲಿ ಕೇಳುತ್ತೆ, ಆಮೇಲೆ ಬೇರ್ಪಡಿಸೋಕೂ ಆಗಲ್ಲ. ಜೊತೆಗೆ ಹೆಡ್‌ಫೋನಲ್ಲಿ ನನ್ನ ದನಿ ನನಗೇ ತಡವಾಗಿ ಬಂದು ತಾಳ ತಪ್ಪುತ್ತೆ. ಸ್ಕಾರ್ಲೆಟ್ ಸೋಲೋ, ಸ್ಕಾರ್ಲೆಟ್ 2ಐ2, ಮೋಟು ಎಂ2, ಬೆರಿಂಗರ್ ಯುಎಂಸಿ202ಎಚ್‌ಡಿ ಇಷ್ಟು ಇಂಟರ್ಫೇಸ್ (ಮೈಕ್ ಸೌಂಡನ್ನ ಕಂಪ್ಯೂಟರ್‌ಗೆ ಕಳಿಸೋ ಡಬ್ಬಿ) ನೋಡಿಟ್ಟಿದೀನಿ. 192 ಕಿಲೋಹರ್ಟ್ಸ್ (ಸೆಕೆಂಡಿಗೆ ಸೌಂಡನ್ನ ಎಷ್ಟು ಸಲ ಅಳೆಯುತ್ತೆ ಅನ್ನೋ ಲೆಕ್ಕ) ಅಂತ ಎಲ್ಲದರಲ್ಲೂ ದೊಡ್ಡದಾಗಿ ಹಾಕಿದಾರೆ, ಅದು ಬೇಕೇ ಬೇಕಾ? ವಿಂಡೋಸ್ ಲ್ಯಾಪ್‌ಟಾಪ್.

ಉತ್ತರ 1:
ಮೊದಲು ಒಟ್ಟಿಗೆ ಎಷ್ಟು ಮೈಕ್ ಹಾಕ್ತೀರಿ ಅಂತ ಲೆಕ್ಕ ಹಾಕಿ, ಅರ್ಧ ಲಿಸ್ಟ್ ಅಲ್ಲೇ ಕಮ್ಮಿ ಆಗುತ್ತೆ. ಸೋಲೋದಲ್ಲಿ ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ಏರಿಸೋ ಭಾಗ) ಒಂದೇ, ಇನ್ನೊಂದು ಇನ್‌ಪುಟ್ ಗಿಟಾರ್ ಕೇಬಲ್‌ಗೆ ಅಥವಾ ಲೈನ್‌ಗೆ. ಗಿಟಾರಲ್ಲಿ ಪಿಕಪ್ (ಕಂಪನ ಹಿಡಿಯೋ ಸೆನ್ಸರ್) ಇದ್ರೆ ನಡೆಯುತ್ತೆ, ಆದ್ರೆ ಪೀಜೋ ಪಿಕಪ್ ಸೌಂಡ್ ಮರದ ಸೌಂಡ್ ಥರ ಇರಲ್ಲ, ನಾನಂತೂ ಮೈಕೇ ಇಡ್ತೀನಿ. ನೀವು ಹೇಳಿದ ಉಳಿದ ಮೂರರಲ್ಲೂ ಎರಡು ಪ್ರಿಆಂಪ್ ಇದಾವೆ.

ಮೈಕ್ ಇಡೋ ರೀತಿ ಇಂಟರ್ಫೇಸ್‌ಗಿಂತ ಜಾಸ್ತಿ ಕೆಲಸ ಮಾಡುತ್ತೆ. ಕಾರ್ಡಿಯಾಯ್ಡ್ ಮೈಕ್‌ಗೆ ಹಿಂಭಾಗದಲ್ಲಿ ಕಿವಿ ಮಂದ. ಹಾಗಾಗಿ ಹಾಡೋ ಮೈಕನ್ನ ಗದ್ದದ ಹತ್ತಿರದಿಂದ ಬಾಯಿ ಕಡೆ ಮೇಲಕ್ಕೆ ತಿರುಗಿಸಿ, ಅದರ ಬೆನ್ನು ಗಿಟಾರ್ ಕಡೆ ಬರ್ಲಿ. ಗಿಟಾರ್ ಮೈಕನ್ನ 12ನೇ ಫ್ರೆಟ್ ಹತ್ರ ಒಂದಡಿ ದೂರದಲ್ಲಿ ಸ್ವಲ್ಪ ಕೆಳಮುಖವಾಗಿ ಇಡಿ. ಸೌಂಡ್‌ಹೋಲ್ ಎದುರಿಗೇ ಇಟ್ರೆ ಬರೀ ಗುಂಯ್ ಅನ್ನುತ್ತೆ.

ಉತ್ತರ 2:
ದನಿ ತಡವಾಗೋದಕ್ಕೂ 192ಕ್ಕೂ ಸಂಬಂಧ ಹುಡುಕ್ಬೇಡಿ, 48 ಕಿಲೋಹರ್ಟ್ಸ್, 24 ಬಿಟ್ ಧಾರಾಳ ಸಾಕು, ಹೆಚ್ಚಿಗೆ ಇಟ್ರೆ ಫೈಲ್ ಊದುತ್ತೆ, ಲ್ಯಾಪ್‌ಟಾಪ್ ಒದ್ದಾಡುತ್ತೆ ಅಷ್ಟೇ. ತಡ ಬರೋದು ಬಫರ್‌ನಿಂದ, ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳೋ ಸ್ಯಾಂಪಲ್‌ಗಳ (ಸೌಂಡಿನ ಅಳತೆಗಳ) ಗುಂಪಿನಿಂದ. 48 ಕಿಲೋಹರ್ಟ್ಸಲ್ಲಿ 128 ಸ್ಯಾಂಪಲ್ ಅಂದ್ರೆ ಸುಮಾರು 2.7 ಮಿಲಿಸೆಕೆಂಡ್, 512 ಅಂದ್ರೆ 10.7, ಅದೂ ಒಂದು ಕಡೆಗೆ ಮಾತ್ರ, ಒಳಗೆ ಹೋಗಿ ಹೊರಗೆ ಬರೋ ಹೊತ್ತಿಗೆ ಇನ್ನೂ ಜಾಸ್ತಿ ಆಗುತ್ತೆ. ಅದಕ್ಕೇ ವಿಂಡೋಸಲ್ಲಿ ಕಂಪನಿದೇ ಆಸಿಯೋ ಡ್ರೈವರ್ (ತಡ ಕಮ್ಮಿ ಮಾಡೋ ಆಡಿಯೋ ಡ್ರೈವರ್) ಇದೆಯಾ ನೋಡ್ಕೊಂಡು ತಗೊಳ್ಳಿ. ಆಸಿಯೋ4ಆಲ್ ಅನ್ನೋದು ವಿಂಡೋಸ್ ಡ್ರೈವರ್ ಮೇಲೆ ಹೊದಿಸಿದ ಪದರ, ಕಂಪನಿ ಡ್ರೈವರ್‌ನ ಜಾಗಕ್ಕೆ ಅದು ಬರಲ್ಲ.

ಇನ್ನೊಂದು, ಡೈರೆಕ್ಟ್ ಮಾನಿಟರ್ ಬಟನ್ ಒತ್ತಿದ್ರೆ ಮೈಕ್ ಸೌಂಡ್ ಕಂಪ್ಯೂಟರ್ ಸುತ್ತಿ ಬರದೆ ಸೀದಾ ಹೆಡ್‌ಫೋನ್‌ಗೆ ಬರುತ್ತೆ, ನಿಮ್ಮ ತಾಳದ ತೊಂದರೆ ಅಲ್ಲಿಗೆ ಮುಗೀತು. ಆಗ ಸಾಫ್ಟ್‌ವೇರಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ, ಇಲ್ಲಾಂದ್ರೆ ದನಿ ಎರಡೆರಡು ಸಲ ಕೇಳುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಪಿಕಪ್ ಇಲ್ಲ, ಹಾಗಾಗಿ ಸೋಲೋ ಬಿಟ್ಟೆ. ಗಿಟಾರ್‌ಗೆ ಕಂಡೆನ್ಸರ್ ಮೈಕ್, ಹಾಡಿಗೆ ಡೈನಾಮಿಕ್ ಮೈಕ್ ಅಂದ್ಕೊಂಡಿದೀನಿ. ಕಂಡೆನ್ಸರ್‌ಗೆ ಅಂತ ಇಂಟರ್ಫೇಸ್ ಕೊಡೋ 48 ವೋಲ್ಟ್ ಎರಡಕ್ಕೂ ಒಟ್ಟಿಗೇ ಹೋದ್ರೆ ಡೈನಾಮಿಕ್ ಮೈಕ್ ಹಾಳಾಗುತ್ತಾ?

ಉತ್ತರ 3:
ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್) ಇದ್ರೆ ಮಾಮೂಲಿ ಡೈನಾಮಿಕ್‌ಗೆ ಏನೂ ಆಗಲ್ಲ, ಎರಡು ತಂತಿಗೂ ಒಂದೇ ವೋಲ್ಟೇಜ್ ಬರೋದ್ರಿಂದ ಕಾಯಿಲ್‌ನಲ್ಲಿ ಕರೆಂಟ್ ಹರಿಯಲ್ಲ. ಹಳೇ ರಿಬ್ಬನ್ ಮೈಕ್ ಆದ್ರೆ ಮಾತ್ರ ದೂರ ಇಡಿ. ಕೇಬಲ್ ಹಾಕಿ ತೆಗೆಯೋವಾಗ 48 ವೋಲ್ಟ್ ಆಫ್ ಮಾಡಿರಿ.

ಯಾವ ಡೈನಾಮಿಕ್ ಅನ್ನೋದು ಮುಖ್ಯ. ಶ್ಯೂರ್ ಎಸ್‌ಎಂ7ಬಿ ಥರದ್ದಕ್ಕೆ ಸುಮಾರು 60 ಡೆಸಿಬಲ್ ಗೇನ್ (ಪ್ರಿಆಂಪ್ ಸಿಗ್ನಲ್ ಏರಿಸೋ ಪ್ರಮಾಣ) ಬೇಕು. ಮೂರನೇ ಜನರೇಷನ್ 2ಐ2ನಲ್ಲಿ 56 ಇತ್ತು, ನಾಲ್ಕನೇದ್ರಲ್ಲಿ 69 ಇದೆ, ಆದ್ರಿಂದ ಹೆಸರು ಒಂದೇ ಅಂತ ಹಳೇದು ತಗೋಬೇಡಿ, ಮೆತ್ತಗೆ ಹಾಡೋರಿಗೆ ಅದು ಸಾಲಲ್ಲ. ನಿಮ್ಮ ಲಿಸ್ಟಲ್ಲಿ ನನ್ನ ಓಟು ನಾಲ್ಕನೇ ಜನರೇಷನ್ 2ಐ2ಗೆ. ಜೋರಾಗಿ ಹಾಡೋ ಸಾಲಲ್ಲೂ ಮೀಟರ್ ಮೈನಸ್ 10 ಡೆಸಿಬಲ್ ದಾಟದ ಹಾಗೆ ಗೇನ್ ಇಡಿ, 24 ಬಿಟ್ಟಲ್ಲಿ ಕಮ್ಮಿ ಲೆವೆಲ್‌ನ ಆಮೇಲೆ ಏರಿಸ್ಬಹುದು, ಒಡೆದ ಸೌಂಡನ್ನ ಸರಿ ಮಾಡೋದು ಬಹಳ ಕಷ್ಟ.