ಅಪ್‌ಡೇಟ್: ಮ್ಯಾಕ್ಸಿಮೈಸ್ ಮಾಡಿದ್ರೂ ಬಲಗಡೆ ಜಾಗ ಉಳೀತಿದ್ದದ್ದು ಸರಿಯಾಯ್ತು

ಮೊನ್ನೆ ಕೇಳಿದ್ದೆ ಅಲ್ವಾ, ಬದಿಯಡ್ಕದ ನಮ್ಮ ಡಿಟಿಪಿ ಅಂಗಡಿಯ ವಿಂಡೋಸ್ 10 ಕಂಪ್ಯೂಟರಲ್ಲಿ ಯಾವ ವಿಂಡೋ ಮ್ಯಾಕ್ಸಿಮೈಸ್ ಮಾಡಿದ್ರೂ ಬಲಗಡೆ ಎರಡು ಬೆರಳು ಅಗಲ ಬಿಟ್ಟು ನಿಲ್ತದೆ, ಹಿಂದಿನ ವಾಲ್‌ಪೇಪರ್ ಕಾಣ್ತದೆ ಅಂತ. ಈಗ ಸರಿಯಾಯ್ತು ಮಾರಾಯ್ರೆ!

ಸ್ಕೇಲಿಂಗ್ (ಪರದೆಯಲ್ಲಿ ಅಕ್ಷರ, ಐಕಾನ್ ಕಾಣುವ ಗಾತ್ರ) 125%ರಿಂದ 100%ಕ್ಕೆ ಇಳಿಸಿದ್ದು, ಡಿಸ್‌ಪ್ಲೇ ಡ್ರೈವರ್ ಹೊಸದು ಹಾಕಿದ್ದು, ಎರಡರಿಂದಲೂ ಎಂತದೂ ಆಗ್ಲಿಲ್ಲ. ಟಾಸ್ಕ್ ಮ್ಯಾನೇಜರಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿದ್ರೆ ಸರಿಯಾಗ್ತಿತ್ತು, ಆದ್ರೆ ಮರುದಿನ ಕಂಪ್ಯೂಟರ್ ಆನ್ ಮಾಡುವಾಗ ಪುನಃ ಅದೇ ಕತೆ. ನಿಜವಾದ ದಾರಿ ತೋರಿಸಿದ್ದು ಬ್ರೌಸರಲ್ಲಿ ಎಫ್11 ಒತ್ತಿ ನೋಡಿ ಅಂದ ಕುಂಬಳೆಯವರು, ಒತ್ತಿದ್ರೆ ಇಡೀ ಸ್ಕ್ರೀನ್ ತುಂಬಿತು, ಅಂದ್ರೆ ಮಾನಿಟರ್ ಸರಿ ಉಂಟು. ಫುಲ್‌ಸ್ಕ್ರೀನ್ ಇಡೀ ಪರದೆ ತಕ್ಕೊಳ್ತದೆ, ಮ್ಯಾಕ್ಸಿಮೈಸ್ ಮಾತ್ರ ಟಾಸ್ಕ್‌ಬಾರ್ ತರದವು ಹಿಡಿದಿಟ್ಟ ಜಾಗ ಬಿಟ್ಟು ಉಳಿದದ್ದರಲ್ಲೇ ನಿಲ್ಲುದಂತೆ, ಇದು ನಂಗೆ ಹೊಸ ವಿಷಯ. ಮತ್ತೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬಲ್ಲಿ, ಕಂಪ್ಯೂಟರ್ ಆನ್ ಆಗುವಾಗ ತನ್ನಿಂತಾನೇ ಶುರುವಾಗುವ ಪ್ರೋಗ್ರಾಂಗಳನ್ನು ಒಂದೊಂದೇ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡ್ತಾ ಹೋದೆ, ಸಿಕ್ಕಿದ್ದು ಸ್ಕ್ಯಾನರ್ ಜೊತೆ ಬಂದ ಸೈಡ್‌ಬಾರ್ (ಪರದೆಯ ಬದಿಯಲ್ಲಿ ಕೂರುವ ಪಟ್ಟಿ) ಪ್ರೋಗ್ರಾಂ, ಕಣ್ಣಿಗೆ ಕಾಣದೆ ಆ ಜಾಗ ಹಿಡ್ಕೊಂಡು ಕೂತಿತ್ತು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ಸ್ಕ್ಯಾನಿಂಗ್ ಮೊದಲಿನ ಹಾಗೇ ಆಗ್ತದೆ. ಮದುವೆ ಕಾಗದ ಡಿಸೈನ್ ಮಾಡುವಾಗ ಬಣ್ಣದ ಪ್ಯಾಲೆಟ್ ಈಗ ಪೂರ್ತಿ ಸಿಗ್ತದೆ, ಸೀಸನ್‌ನಲ್ಲಿ ಅದು ದೊಡ್ಡ ಉಪಕಾರ. ಹೇಳಿಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ಇದೇ ತೊಂದರೆ ಇರುವವರು ಮೊದ್ಲು ಎಫ್11 ಒತ್ತಿ ನೋಡಿ.